ಪರಸಿ ಗಣಿಯ ಹಂಚಿದ ವಿದ್ಯೆ

ವ್ಯಾಪಾರದಲ್ಲಿ ಪ್ರತಿಸ್ಪರ್ಧಿಗಳಾದವರು ವಿದ್ಯೆಯಲ್ಲಿ ಪಾಲುಗಾರರಾಗಬಲ್ಲರೆ? ಶಹಾಬಾದ, ವಾಡಿ, ರಾವೂರ ಸೀಮೆಯ ಪರಸಿ ಕಲ್ಲಿನ ಉದ್ಯಮದಲ್ಲಿ ಈ ಪ್ರಶ್ನೆಗೆ ಉತ್ತರವಿದೆ.

ಭೀಮಾ ತೀರದ ಈ ಸುಣ್ಣಶಿಲೆ ಪದರ ಪದರವಾಗಿ ಹಾಸಿಕೊಂಡಿದೆ. 1871ರಲ್ಲಿ ಸೊಲ್ಲಾಪುರ–ರಾಯಚೂರು ರೈಲುಮಾರ್ಗವೂ 1874ರಲ್ಲಿ ವಾಡಿ–ಹೈದರಾಬಾದು ಮಾರ್ಗವೂ ತೆರೆದ ಮೇಲೆ ಭಾರವಾದ ಕಲ್ಲಿಗೆ ದೂರದ ಪೇಟೆಯ ದಾರಿ ಸುಗಮವಾಯಿತು. ರಾವೂರಿನದಾದರೂ ಕೊಳ್ಳುವವನಿಗೆ ಅದು ಶಹಾಬಾದ ಕಲ್ಲೇ. ಹೆಸರು ಒಂದಾದುದರಿಂದ ಒಬ್ಬನ ಕಳಪೆ ಕಲ್ಲು ಎಲ್ಲರಿಗೂ ಕಳಂಕ.

ಗಣಿಯು ಬಯಲಿಗೆ ತೆರೆದದ್ದು. ಕಲ್ಲಿನ ಪದರವು ಹೊಲದ ಬದುವಿಗೆ ನಿಲ್ಲುವಂಥದಲ್ಲ. ಎಲ್ಲಿ ಉಳಿ ಇಟ್ಟರೆ ಹಾಸು ಒಡೆಯದೆ ಏಳುವುದೆಂಬ ಅರಿವು ಕೆಲಸಗಾರನೊಡನೆ ಒಂದು ಗಣಿಯಿಂದ ಇನ್ನೊಂದಕ್ಕೆ ಸಾಗುತ್ತದೆ. ಒಡೆಯನು ಗಿರಾಕಿಯನ್ನೂ ದರವನ್ನೂ ಗುಟ್ಟಾಗಿಡಬಹುದು; ಕಸುಬನ್ನು ಬಚ್ಚಿಡಲಾರ.

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಕ್ಲೀವ್‌ಲೆಂಡ್ ಪ್ರಾಂತದ ಕಬ್ಬಿಣದ ಉದ್ಯಮಿಗಳು ತಮ್ಮ ಕುಲುಮೆಗಳ ಅಳತೆಯನ್ನೂ ಫಲವನ್ನೂ ಪರಸ್ಪರ ತಿಳಿಸಿದರು. ಒಬ್ಬನ ಪ್ರಯೋಗ ಮತ್ತೊಬ್ಬನಿಗೆ ಮೆಟ್ಟಿಲಾಗಿ, ಸುಮಾರು 50 ಅಡಿಯಿದ್ದ ಕುಲುಮೆಗಳು 80 ಅಡಿಗೂ ಮಿಕ್ಕಿ ಬೆಳೆದವು. ಇಂಧನದ ವೆಚ್ಚ ಇಳಿಯಿತು. ಇತಿಹಾಸಕಾರ ರಾಬರ್ಟ್ ಆಲನ್ 1983ರಲ್ಲಿ ಇದನ್ನು ಸಾಮೂಹಿಕ ಆವಿಷ್ಕಾರವೆಂದು ಕರೆದನು.

ಭೇದವೊಂದುಂಟು. ಅಲ್ಲಿಯ ಅರಿವು ವೃತ್ತಿಸಭೆಗಳ ಬರಹಕ್ಕೆ ಇಳಿಯಿತು. ಪರಸಿ ಕಸುಬಿನ ಅರಿವು ಬಹುಮಟ್ಟಿಗೆ ಕೈಯಲ್ಲೇ ಉಳಿಯಿತು. ಇಂದು ನೆಲಹಾಸಿಗೆ ಕಾರ್ಖಾನೆಯ ಟೈಲ್ಸ್ ಬಂದಿದೆ. ಸುಣ್ಣಶಿಲೆಯು ಸಿಮೆಂಟಿಗಾಗಿ ಪುಡಿಯಾಗುತ್ತಿದೆ. ಕೈಯಿಂದ ಕೈಗೆ ಹಂಚಿದ ವಿದ್ಯೆಗೆ ಗುಟ್ಟಿನ ಭಯವಿಲ್ಲ, ಮರೆವಿನ ಭಯವುಂಟು. ಕೊನೆಯ ಕುಶಲಿಯು ಉಳಿ ಕೆಳಗಿಡುವ ಮುನ್ನ ಅದು ಅಕ್ಷರವಾಗಬೇಕು.