ನಡೆದು ಬಂದ ಗುಡಿ



ಮಾಚು ಪಿಚುವಿನ ಫೋಟೋ ನಮ್ಮ ವಾಟ್ಸಾಪ್ ಗುಂಪಿಗೆ ಆಗಾಗ ಬರುತ್ತಿರುತ್ತದೆ. ಪೆರು ದೇಶದ ಬೆಟ್ಟದ ಮೇಲೆ, 2,430 ಮೀಟರ್ ಎತ್ತರದಲ್ಲಿ, ಇಂಕಾ ಜನ 15ನೇ ಶತಮಾನದಲ್ಲಿ ಕಟ್ಟಿದ ಊರು ಅದು. ಅಲ್ಲಿನ ಮುಖ್ಯ ಕಟ್ಟಡಗಳಿಗೆ ಗಾರೆಯನ್ನೇ ಹಾಕಿಲ್ಲ, ಕಲ್ಲನ್ನು ಕೆತ್ತಿ ಒಂದಕ್ಕೊಂದು ಕೂರಿಸಿದ್ದಾರೆ ಎಂದು ನೋಡಿದವರೆಲ್ಲ ಬೆರಗಾಗುತ್ತಾರೆ. ಬೆರಗಾಗಬೇಕಾದದ್ದೇ. ಆದರೆ ಅದಕ್ಕಿಂತ ಏಳುನೂರು ವರ್ಷ ಮೊದಲೇ ಗಾರೆಯಿಲ್ಲದೆ ಕಲ್ಲು ಜೋಡಿಸಿ ಎಬ್ಬಿಸಿದ ಗುಡಿಗಳು ರಾಯಚೂರಿನಿಂದ ಬೆಳಿಗ್ಗೆ ಹೊರಟು ಸಂಜೆ ಮರಳುವಷ್ಟು ಹತ್ತಿರದಲ್ಲಿವೆ. ಪಾಸ್‌ಪೋರ್ಟ್ ಬೇಡ. ಗದ್ವಾಲ ದಾಟಿ ಅಲಂಪುರಕ್ಕೆ ಹೋದರೆ ಸಾಕು.

ಅಲಂಪುರ ಇವತ್ತು ತೆಲಂಗಾಣದ ಜೋಗುಳಾಂಬ ಗದ್ವಾಲ ಜಿಲ್ಲೆಯಲ್ಲಿದೆ. ತುಂಗಭದ್ರೆಯ ದಡದ ಊರು. ನಕಾಶೆ ತೆಗೆದು ನೋಡಿ: ಬಾದಾಮಿಯಿಂದ ಹೆಚ್ಚುಕಡಿಮೆ ನೇರ ಪೂರ್ವಕ್ಕೆ ಒಂದು ಗೆರೆ ಎಳೆದರೆ 260 ಕಿಲೋಮೀಟರ್ ದೂರದಲ್ಲಿ ಅಲಂಪುರ ಸಿಗುತ್ತದೆ. ಬಾದಾಮಿ ಚಾಲುಕ್ಯರು ಏಳು ಮತ್ತು ಎಂಟನೇ ಶತಮಾನದಲ್ಲಿ ಇಲ್ಲಿ ಒಂಬತ್ತು ಗುಡಿ ಕಟ್ಟಿಸಿದರು. ಹೆಸರು ನವಬ್ರಹ್ಮ, ಆದರೆ ಒಂಬತ್ತೂ ಶಿವನ ಗುಡಿಗಳು. ತಾರಕ ಬ್ರಹ್ಮ ಒಂದನ್ನು ಬಿಟ್ಟು ಉಳಿದವುಗಳ ಶಿಖರ ಉತ್ತರ ಭಾರತದ ರೀತಿಯದು, ಬಾಗಿ ಮೇಲೇರುವಂಥದ್ದು. ಪಟ್ಟದಕಲ್ಲಿನ ಗಳಗನಾಥ ಗುಡಿ ನೋಡಿದವರಿಗೆ ಇಲ್ಲಿನ ಸ್ವರ್ಗ ಬ್ರಹ್ಮ ಕಂಡಾಗ ಗುರುತಿನ ಮುಖ ಕಂಡಂತಾಗುತ್ತದೆ. ರಾಜ್ಯ, ಭಾಷೆ ಎಂದು ನಾವು ಹಾಕಿಕೊಂಡ ಗಡಿ ಆ ಶಿಲ್ಪಿಗಳಿಗೆ ಗೊತ್ತಿರಲಿಲ್ಲ. ಶಾಸನಗಳಲ್ಲೂ ಅಷ್ಟೆ, ಅಲಂಪುರದ ಕಲ್ಲುಗಳ ಮೇಲೆ ಸಂಸ್ಕೃತವೂ ಇದೆ, ಕನ್ನಡವೂ ಇದೆ.

ಇಷ್ಟು ಸಂಗತಿ ಯಾವ ಪ್ರವಾಸಿ ಪುಸ್ತಕದಲ್ಲೂ ಸಿಕ್ಕೀತು. ನಾನು ಹೇಳಹೊರಟದ್ದು ಊರಂಚಿನಲ್ಲಿರುವ ಇನ್ನೊಂದು ಗುಡಿಯ ವಿಷಯ. ಅದು ಕೂಡವೆಲ್ಲಿ ಸಂಗಮೇಶ್ವರ. ಎತ್ತರದ ಜಗತಿಯ ಮೇಲೆ, ಪ್ರಾಕಾರದ ನಡುವೆ, ಇಲ್ಲೇ ಹುಟ್ಟಿದಂತೆ ನಿಂತಿದೆ. ಆದರೆ ಇಲ್ಲಿಯದಲ್ಲ. ಕೃಷ್ಣೆ ತುಂಗಭದ್ರೆಯರು ಕೂಡುವ ಜಾಗದಲ್ಲಿ, ಸುಮಾರು ಇಪ್ಪತ್ತು ಕಿಲೋಮೀಟರ್ ಆಚೆ, ಕೂಡವೆಲ್ಲಿ ಎಂಬ ಊರಿತ್ತು. ಗುಡಿ ಅಲ್ಲಿಯದು. ಶ್ರೀಶೈಲದ ಅಣೆಕಟ್ಟಿಗೆ 1963ರಲ್ಲಿ ನೆಹರೂ ಅಡಿಗಲ್ಲು ಹಾಕಿದಾಗಲೇ ಆ ಸಂಗಮದ ಹಣೆಬರಹ ತೀರ್ಮಾನವಾಗಿತ್ತು. ಹಿನ್ನೀರು ಬರುವ ಮೊದಲು ಗುಡಿಯನ್ನು ಕಳಚಿ ತಂದು ಅಲಂಪುರದಲ್ಲಿ ಮತ್ತೆ ಕಟ್ಟಿದರು. ಪಾಪನಾಶಿ ಎಂಬ ಇಪ್ಪತ್ಮೂರು ಗುಡಿಗಳ ಗುಂಪನ್ನೂ ಹೀಗೆಯೇ ಸ್ಥಳಾಂತರಿಸಿದರು.

ಗುಡಿಯನ್ನು ಕಳಚುವುದು ಹೇಗೆ? ಬಿ.ಎಸ್ಸಿ. ಓದಿದವನಾದ್ದರಿಂದ ನನಗೆ ದೇವರ ಕಥೆಗಿಂತ ಈ ಪ್ರಶ್ನೆಯೇ ಮೊದಲು ಬಂತು, ಕ್ಷಮಿಸಿ. ಉತ್ತರ ಆ ಗಾರೆಯಿಲ್ಲದ ಜೋಡಣೆಯಲ್ಲೇ ಇದೆ. ಇಂಥ ಗುಡಿಯಲ್ಲಿ ಕಲ್ಲನ್ನು ಹಿಡಿದಿಟ್ಟಿರುವುದು ಕಲ್ಲಿನದೇ ಭಾರ. ಮೇಲಿನದು ಕೆಳಗಿನದನ್ನು ಅದುಮುತ್ತದೆ, ಕೆಳಗಿನದು ಮೇಲಿನದನ್ನು ಹೊರುತ್ತದೆ. ಹಾಗಾಗಿ ಪ್ರತಿ ಕಲ್ಲಿಗೂ ಒಂದು ನಂಬರ್ ಬರೆದು, ನಕ್ಷೆಯಲ್ಲಿ ಗುರುತಿಸಿ, ತುದಿಯಿಂದ ಒಂದೊಂದೇ ಇಳಿಸುತ್ತಾ ಬಂದರೆ ಗುಡಿ ಬಿಚ್ಚಿಕೊಳ್ಳುತ್ತದೆ. ಹೊಸ ಜಾಗದಲ್ಲಿ ಬುಡದಿಂದ ಅದೇ ನಂಬರಿನಂತೆ ಏರಿಸಿದರೆ ಮತ್ತೆ ಗುಡಿ. ಈಜಿಪ್ಟಿನ ಅಬು ಸಿಂಬೆಲ್‌ನಲ್ಲಿ ಇಷ್ಟು ಸುಲಭವಿರಲಿಲ್ಲ. ರಾಮ್ಸೆಸ್ ರಾಜನ ಆ ದೇಗುಲವನ್ನು ಬಂಡೆಯಲ್ಲೇ ಕೊರೆದಿದ್ದರು. ಅಸ್ವಾನ್ ಅಣೆಕಟ್ಟಿನ ನೀರಿನಿಂದ ಉಳಿಸಲು 1964ರಿಂದ 1968ರವರೆಗೆ ಅದನ್ನು ಸಾವಿರಕ್ಕೂ ಹೆಚ್ಚು ತುಂಡುಗಳಾಗಿ ಕೊಯ್ದು 65 ಮೀಟರ್ ಮೇಲಕ್ಕೆ ಸಾಗಿಸಿದರು.

ಹತ್ತಿರದಲ್ಲೇ ಇನ್ನೊಂದು ಉದಾಹರಣೆಯಿದೆ. ಅದೇ ಕೃಷ್ಣೆಯ ಕೆಳಗಿನ ನಾಗಾರ್ಜುನಕೊಂಡದ ಕಣಿವೆಯನ್ನು 1954ರಿಂದ 1960ರವರೆಗೆ ಅಗೆದು, ಸಿಕ್ಕ ಬೌದ್ಧ ಅವಶೇಷಗಳಲ್ಲಿ ಮುಖ್ಯವಾದವನ್ನು ಬೆಟ್ಟದ ಮೇಲಕ್ಕೆ ಒಯ್ದರು. ಕಣಿವೆ ತುಂಬಿ ಆ ಬೆಟ್ಟ ಈಗ ದ್ವೀಪ. ದೋಣಿಯಲ್ಲಿ ಹೋಗಬೇಕು.

ಇದನ್ನೆಲ್ಲ ನಾನು ಉತ್ಸಾಹದಿಂದ ವಿವರಿಸುತ್ತಿದ್ದಾಗ ನಮ್ಮ ಜೊತೆ ಬಂದಿದ್ದ ಹುಡುಗಿಯೊಬ್ಬಳು ಕೇಳಿದಳು: "ಅಣ್ಣಾ, ಗುಡಿ ಇಲ್ಲಿಗ್ ಬಂತು. ಊರಿನ ಮಂದಿ ಎಲ್ಲಿಗ್ ಹೋದ್ರು?"

ಮಂದಿಗೆ ನಕ್ಷೆ ಇರಲಿಲ್ಲ. ಶ್ರೀಶೈಲದ ಹಿನ್ನೀರಿಗಾಗಿ ಕರ್ನೂಲು ಮತ್ತು ಮಹಬೂಬ್‌ನಗರ ಜಿಲ್ಲೆಗಳ ಸುಮಾರು ನೂರು ಹಳ್ಳಿಗಳನ್ನು ತೆರವು ಮಾಡಿಸಿದರು. ಒಂದು ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು. 1981ರ ಬೇಸಿಗೆಯ ಕೊನೆಗೆ, ಇನ್ನೇನು ಮಳೆ ಹಿಡಿಯಬೇಕು ಎನ್ನುವಾಗ, ಉಳಿದಿದ್ದ ಮನೆಗಳನ್ನು ಕೆಡವಿಸಿದರು. ಜನಕ್ಕೂ ಒಂದು ನಂಬರ್ ಸಿಕ್ಕಿತು, ಆದರೆ ಐದು ವರ್ಷ ತಡವಾಗಿ: 1986ರ ಜಿ.ಓ. 98. ಮುಳುಗಡೆಯಾದ ಕುಟುಂಬಕ್ಕೆ ಒಂದು ಸರ್ಕಾರಿ ಕೆಲಸ ಎಂದು ಅದರಲ್ಲಿತ್ತು. ತೆಲಂಗಾಣ ರಾಜ್ಯ ಹುಟ್ಟಿದ ಮೇಲೂ ಆ ಕೆಲಸಕ್ಕಾಗಿ ಮುಳುಗಡೆ ಸಂತ್ರಸ್ತರು ಧರಣಿ ಕೂತಿದ್ದಾರೆ. ಅಬು ಸಿಂಬೆಲ್ ಸುತ್ತಮುತ್ತಲಿನ ನುಬಿಯಾದ ಜನರ ಕಥೆಯೂ ಬೇರೆಯಲ್ಲ. ಈಜಿಪ್ಟ್, ಸುಡಾನ್ ಸೇರಿ ಸುಮಾರು ಒಂದು ಲಕ್ಷ ಜನ ನೈಲ್ ದಡ ಬಿಟ್ಟು ಹೋದರು. ದೇಗುಲ ನೋಡಲು ಹೋದವರ ಫೋಟೋಗಳಲ್ಲಿ ಅವರು ಕಾಣುವುದಿಲ್ಲ.

ಬಾಗಲಕೋಟೆ ಕಡೆಯವರಿಗೆ ಮುಳುಗಡೆ ಎಂಬ ಪದದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯ ಸ್ಥಳವನ್ನು ಕದಲಿಸದೆ, ಸುತ್ತ ಬಾವಿಯಂತೆ ಗೋಡೆ ಕಟ್ಟಿ ನಾರಾಯಣಪುರದ ಹಿನ್ನೀರನ್ನು ಹೊರಗೆ ನಿಲ್ಲಿಸಿದ್ದಾರೆ. ಇನ್ನು ನಮ್ಮವರು ಬಹುಮಂದಿ ನೋಡಿರುವ ಹಾಸನದ ಶೆಟ್ಟಿಹಳ್ಳಿ ಚರ್ಚು! 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ್ದು. ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟು ಬಂದಾಗ ಅದನ್ನು ಯಾರೂ ಎತ್ತಿಡಲಿಲ್ಲ. ಎತ್ತಿಡುವಂತೆಯೂ ಇರಲಿಲ್ಲ, ಇಟ್ಟಿಗೆ ಗಾರೆಯ ಗೋಡೆಯನ್ನು ಬಿಚ್ಚಿದರೆ ಕೈಗೆ ಬರುವುದು ಪುಡಿ. ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಎದ್ದು ನಿಲ್ಲುತ್ತದೆ. ಅಲ್ಲಿ ಮದುವೆ ಫೋಟೋ ತೆಗೆಸಿಕೊಳ್ಳುವವರನ್ನು ನಾನು ಬೈಯುವುದಿಲ್ಲ. ಆದರೆ ಆ ಗೋಡೆಗಳೊಳಗೆ ಜ್ಞಾನಸ್ನಾನ ಪಡೆದು, ಸುತ್ತಲ ಹೊಲ ಉತ್ತ ಕುಟುಂಬಗಳಿದ್ದವು ಎನ್ನುವುದನ್ನು ಆ ಫೋಟೋಗಳ ಕೆಳಗೆ ಯಾರೂ ಬರೆಯುವುದಿಲ್ಲ.

ನವಬ್ರಹ್ಮ ಗುಡಿಗಳನ್ನು ಮಾತ್ರ ಇದ್ದಲ್ಲೇ ಬಿಟ್ಟು, ಊರಿಗೆ ನದಿಯ ಕಡೆ ದೊಡ್ಡ ಕಟ್ಟೆ ಕಟ್ಟಿದರು. ಹಾಗಾಗಿ ಗುಡಿಯ ಅಂಗಳದಲ್ಲಿ ನಿಂತರೆ ಈಗ ನದಿ ಕಾಣುವುದಿಲ್ಲ. ಕಟ್ಟೆಯೂ ಎಲ್ಲವನ್ನೂ ತಡೆಯಲಾರದು. 2009ರ ಅಕ್ಟೋಬರ್ ನೆರೆ ರಾಯಚೂರಿನವರಿಗೆ ನೆನಪಿದೆಯಲ್ಲ, ಆಗ ತುಂಗಭದ್ರೆ ಅಲಂಪುರದೊಳಗೂ ನುಗ್ಗಿತ್ತು.

ಹೋಗುವುದಾದರೆ ಬೇಸಿಗೆ ಶುರುವಾಗುವ ಹೊತ್ತಿಗೆ ಹೋಗಿ, ಬಿಸಿಲಿಗೆ ಟೋಪಿ ಇರಲಿ. ನವಬ್ರಹ್ಮ, ಮ್ಯೂಸಿಯಂ ನೋಡಿದ ಮೇಲೆ ಕಟ್ಟೆ ಹತ್ತಿ ನದಿ ನೋಡಿ. ಸಂಗಮದ ಆಚೆ ದಡದಲ್ಲಿ, ಆಂಧ್ರದ ಕಡೆ, ಸಂಗಮೇಶ್ವರನ ಇನ್ನೊಂದು ಗುಡಿಯಿದೆ. ಅದನ್ನು ಯಾರೂ ಎತ್ತಿ ತಂದಿಲ್ಲ. ವರ್ಷದ ಹೆಚ್ಚು ತಿಂಗಳು ನೀರೊಳಗೇ ಇದ್ದು, ಜಲಾಶಯ ಇಳಿದಾಗ ಮೇಲೆ ಬರುತ್ತದೆ. ಅದರಲ್ಲಿರುವುದು ಕಲ್ಲಿನ ಲಿಂಗವಲ್ಲ, ಬೇವಿನ ಮರದ್ದು. ನೀರು ಇಳಿದ ಸುದ್ದಿ ಬಂದ ಕೂಡಲೇ ಸುತ್ತಲಿನ ಜನ ಕೆಸರು ದಾಟಿ ಅಲ್ಲಿಗೆ ಹೋಗುತ್ತಾರೆ.