ಅರಸೊತ್ತಿಗೆ ಅಳಿದ ಮೇಲೆ ರಾಜಧಾನಿ: ಜಮಖಂಡಿ, ಮುಧೋಳ ಮತ್ತು ನೆರೆಯ ನೇಕಾರ ಊರುಗಳು (1943–1956)

1948ರ ಮಾರ್ಚ್ 8ರಂದು ದಕ್ಷಿಣದ ಮರಾಠಾ ಸಂಸ್ಥಾನಗಳ ಆಡಳಿತವನ್ನು ಮುಂಬಯಿ ಪ್ರಾಂತ ಸರಕಾರ ವಹಿಸಿಕೊಂಡಿತು. ಪಟವರ್ಧನರ ಜಮಖಂಡಿ, ಘೋರ್ಪಡೆಯವರ ಮುಧೋಳ ಎರಡೂ ರಾಜಧಾನಿಯ ಪಟ್ಟ ಕಳೆದುಕೊಂಡವು. ನಮ್ಮ ಸ್ಥಳೀಯ ಇತಿಹಾಸಗಳು ಈ ಸಂಗತಿಯನ್ನು ಅರಸು ಮನೆತನದ ಕೊನೆಯ ಅಧ್ಯಾಯವಾಗಿ ಹೇಳಿ ಮುಗಿಸುತ್ತವೆ. ಹಾಗೆ ಹೇಳಿದರೆ ಅರಮನೆಯ ಕತೆಯಾಯಿತೇ ಹೊರತು ಊರಿನ ಕತೆಯಾಗುವುದಿಲ್ಲ. ಸಂಸ್ಥಾನದ ಕೊನೆಯ ವರ್ಷಗಳಲ್ಲಿ ಜನ ದಿನಬೆಳಗಾದರೆ ಎದುರಿಸಿದ ಸರಕಾರ ಅರಮನೆಯಲ್ಲಿರಲಿಲ್ಲ, ಅದು ರೇಷನ್ ಕಾಳಿನಲ್ಲಿತ್ತು, ಕಂಟ್ರೋಲ್ ನೂಲಿನಲ್ಲಿತ್ತು. ಮಹಾಯುದ್ಧ ಹೇರಿದ ಆ ಹಿಡಿತ ಯುದ್ಧ ಮುಗಿದ ಮೇಲೂ, ಅರಸರು ಇಳಿದ ಮೇಲೂ ಉಳಿಯಿತು. ಆದ್ದರಿಂದ 1943ರಿಂದ 1956ರವರೆಗಿನ ಕಾಲವನ್ನು ಒಂದೇ ಓಟದಲ್ಲಿ ಓದಬೇಕು ಎಂಬುದು ಈ ಲೇಖನದ ನಿಲುವು.

ಎರಡನೆಯ ಮಹಾಯುದ್ಧದಲ್ಲಿ ಪರದೇಶದ ದಂಡು ಈ ನೆಲಕ್ಕೆ ಕಾಲಿಟ್ಟಿರಲಿಲ್ಲ. ಆದರೆ ದಂಡು ಬಂದರೆ ರಾಜಧಾನಿಯ ಪೇಟೆ ಏನಾಗುತ್ತದೆ ಎಂಬುದನ್ನು ಮುಧೋಳ ಮೊದಲೇ ಕಂಡಿತ್ತು. 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಕಾಯ್ದೆಯನ್ನು ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಧಿಕ್ಕರಿಸಿದರು. ನವೆಂಬರ್ ಕೊನೆಯಲ್ಲಿ ಬ್ರಿಟಿಷ್ ಪಡೆ ಹಲಗಲಿಯನ್ನು ಮುತ್ತಿ ಸುಟ್ಟಿತು. ಡಿಸೆಂಬರ್ 11ರಂದು 13 ಮಂದಿಯನ್ನು ಮುಧೋಳದಲ್ಲಿ, 14ರಂದು 6 ಮಂದಿಯನ್ನು ಹಲಗಲಿಯಲ್ಲಿ ಗಲ್ಲಿಗೇರಿಸಲಾಯಿತು. ಈ ಕತೆ ಲಾವಣಿಯಾಗಿ ಜನರ ಬಾಯಲ್ಲಿ ಉಳಿಯಿತು, ಮುಂದೆ ಬ್ರಿಟಿಷ್ ಅಧಿಕಾರಿ ಫ್ಲೀಟ್ ಅದನ್ನು ಸಂಗ್ರಹಿಸಿ ಪ್ರಕಟಿಸಿದ. ಸಂಸ್ಥಾನ ಘೋರ್ಪಡೆಯವರದು, ಗಲ್ಲು ಕಂಪನಿ ಸರಕಾರದ್ದು. ರಾಜಧಾನಿಯಲ್ಲಿ ಕೊನೆಯ ಮಾತು ಯಾರದು ಎಂಬುದು ಅಂದೇ ಊರಿಗೆ ಗೊತ್ತಾಗಿಹೋಯಿತು. ಮುಂದಿನ 90 ವರ್ಷ ಅರಸರ ಮೇಲೆ ಆ ಪರಮಾಧಿಕಾರದ ನೆರಳು ಇದ್ದೇ ಇತ್ತು. ಅದು ಸರಿದದ್ದು 1947ರ ಆಗಸ್ಟ್ 15ರಂದು.

ಈ ಸಂಸ್ಥಾನಗಳ ಆಕಾರವನ್ನು ಕಣ್ಣಮುಂದೆ ತಂದುಕೊಳ್ಳದೆ ಮುಂದಿನ ಮಾತು ತಿಳಿಯುವುದಿಲ್ಲ. 1901ರ ಲೆಕ್ಕದಂತೆ ಜಮಖಂಡಿಯ ವಿಸ್ತೀರ್ಣ 524 ಚದರ ಮೈಲಿ, ಜನಸಂಖ್ಯೆ 1,05,357. ಮುಧೋಳ ಇನ್ನೂ ಚಿಕ್ಕದು, 368 ಚದರ ಮೈಲಿಯಲ್ಲಿ 63,001 ಜನ. ಈ ನೆಲವೂ ಒಂದೇ ಕಡೆ ಇರಲಿಲ್ಲ. ಗಾಯಕ ಸವಾಯಿ ಗಂಧರ್ವರ ಊರಾದ ಕುಂದಗೋಳ ದೂರದ ಧಾರವಾಡ ಸೀಮೆಯಲ್ಲಿದ್ದರೂ ಜಮಖಂಡಿ ಅರಸರದು. ಕೃಷ್ಣೆಯ ಬಲದಂಡೆಯ ದಾರಿ ಹಿಡಿದು ತೇರದಾಳದಿಂದ ಹೊರಟರೆ ತೇರದಾಳ, ರಬಕವಿ ಎರಡೂ ಸಾಂಗಲಿ ಸಂಸ್ಥಾನದವು. ರಬಕವಿಗೆ ಹೊಂದಿಕೊಂಡೇ ಇರುವ ಬನಹಟ್ಟಿ ಜಮಖಂಡಿಯದು. ಮುಂದೆ ಸಿಗುವ ಮಹಾಲಿಂಗಪುರ ಮುಧೋಳದ್ದು. ಒಂದು ಹೊತ್ತಿನ ಚಕ್ಕಡಿ ದಾರಿಯಲ್ಲಿ ಮೂವರು ಅರಸರು! ಇತ್ತ ಬೀಳಗಿ ನೇರವಾಗಿ ಬ್ರಿಟಿಷ್ ವಿಜಾಪುರ ಜಿಲ್ಲೆಗೆ ಸೇರಿತ್ತು. ಬೀಗತನ, ಜಾತ್ರೆ, ಮಠದ ಒಕ್ಕಲುತನ ಯಾವುದೂ ಈ ಗಡಿಗಳನ್ನು ಲೆಕ್ಕಕ್ಕಿಟ್ಟಿರಲಿಲ್ಲ. ಲೆಕ್ಕಕ್ಕಿಟ್ಟದ್ದು ಕಚೇರಿ, ಪೊಲೀಸು, ಕಂದಾಯ. ಯುದ್ಧ ಬಂದ ಮೇಲೆ ಆ ಸಾಲಿಗೆ ನೂಲೂ ಸೇರಿತು.

1942–43ರಲ್ಲಿ ವಿಜಾಪುರ ಸೀಮೆಗೆ ಬರ ಬಡಿಯಿತು. ಜೋಳದ ನಾಡಿನಲ್ಲಿ ಜೋಳವೇ ಇಲ್ಲದ ಕಾಲವದು. ಅದೇ ಹೊತ್ತಿಗೆ ಗಿರಣಿಗಳ ಬಟ್ಟೆಯ ದೊಡ್ಡ ಪಾಲು ಸೈನ್ಯದ ಬೇಡಿಕೆಗೆ ಹೋಗುತ್ತಿತ್ತು. ಬಟ್ಟೆ, ನೂಲುಗಳ ಧಾರಣೆ ಏರಿದ್ದನ್ನು ಕಂಡು ಸರಕಾರ 1943ರ ಜೂನ್‌ನಲ್ಲಿ ಹತ್ತಿಬಟ್ಟೆ ಮತ್ತು ನೂಲು ನಿಯಂತ್ರಣ ಆಜ್ಞೆ ಹೊರಡಿಸಿತು. ಧಾರಣೆ ಗೊತ್ತುಮಾಡಲಾಯಿತು, ಮಾರುವವರಿಗೆ ಲೈಸೆನ್ಸ್ ಬಂತು, ಪ್ರಾಂತಗಳಿಗೂ ಸಂಸ್ಥಾನಗಳಿಗೂ ಪಾಲು ಹಂಚುವ ವ್ಯವಸ್ಥೆ ಬಂತು. ಅಂದರೆ ಗೋಡೆಗೆ ಗೋಡೆ ತಾಗಿಕೊಂಡಿದ್ದ ರಬಕವಿ, ಬನಹಟ್ಟಿಗಳ ನೇಕಾರರು ಎರಡು ಬೇರೆ ಸರಕಾರಗಳ ಕಡೆ ಮುಖ ಮಾಡಿ ನಿಲ್ಲಬೇಕಾಯಿತೆಂದೇ ತಿಳಿಯಬೇಕು.

ನೂಲಿನ ಕೊರತೆ ಮಗ್ಗದ ಮನೆಯಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಕೈಮಗ್ಗದವನು ಕೊಳ್ಳುವುದು ಲಡಿ ನೂಲು. ಅದನ್ನು ಬಿಡಿಸಿ, ಬಣ್ಣಕ್ಕೆ ಹಾಕಿ, ಗಂಜಿ ಹಚ್ಚಿ ಹಾಸು ಹೂಡಬೇಕು. ಮನೆಯ ಹೆಣ್ಣುಮಕ್ಕಳು, ಮುದುಕರು ಹೊಕ್ಕಿಗೆ ಕಂಡಿಕೆ ಸುತ್ತುತ್ತಾರೆ. ಹಾಸಿನ ಎಳೆಗೆ ಒಂದು ನಂಬರಿನ ನೂಲು ಬೇಕೆಂದರೆ ಅದೇ ಬೇಕು. ಬೇರೆ ನಂಬರು ಬಂದರೆ ಸೀರೆಯ ಪೋತವೇ ಕೆಡುತ್ತದೆ, ಪೇಟೆಯಲ್ಲಿ ಸಾಹುಕಾರ ಹಿಡಿಯುವುದಿಲ್ಲ. ಹಾಸು ಮುಗಿಯುವ ಮೊದಲು ಮುಂದಿನ ಹಾಸಿನ ನೂಲು ಕೈಗೆ ಬರಬೇಕು, ಹಳೆಯ ಎಳೆಯ ತುದಿಗೆ ಹೊಸ ಎಳೆ ಹೊಸೆದುಕೊಂಡು ಮಗ್ಗ ಮುಂದುವರಿಯುತ್ತದೆ. ನೂಲು ಎಂಟು ದಿನ ತಡವಾದರೆ ನೇಯುವ ಒಬ್ಬನಷ್ಟೇ ಕೂರುವುದಿಲ್ಲ, ಇಡೀ ಮನೆ ಕೂರುತ್ತದೆ. ಕಂಟ್ರೋಲ್ ಧಾರಣೆಗೆ ಸಿಗದ ನೂಲನ್ನು ಕಾಳಸಂತೆಯಲ್ಲಿ ತರಬೇಕೆಂದರೆ ಸಾಹುಕಾರನ ಸಾಲವೇ ಗತಿ. ಸ್ವಂತ ಮಗ್ಗದ ಒಡೆಯ ಮಜೂರಿಯ ನೇಕಾರನಾಗುವುದು ಹೀಗೆ. 1941ರಲ್ಲಿ ಪಿ. ಜೆ. ಥಾಮಸ್ ಅಧ್ಯಕ್ಷತೆಯಲ್ಲಿ ನೇಮಕವಾದ ಸತ್ಯಶೋಧನಾ ಸಮಿತಿ ಇಡೀ ದೇಶದಲ್ಲಿ ಸುಮಾರು 20 ಲಕ್ಷ ಕೈಮಗ್ಗಗಳನ್ನು ಲೆಕ್ಕ ಹಾಕಿತ್ತು. ಆ ದೊಡ್ಡ ಸಂಖ್ಯೆಯ ಹಿಂದಿನ ಬದುಕು ತಿಳಿಯಬೇಕಾದರೆ ಬನಹಟ್ಟಿಯಂಥ ಊರಿನ ಒಂದು ಮಗ್ಗದ ಎದುರು ಕೂರಬೇಕು.

1945ರಲ್ಲಿ ಯುದ್ಧ ನಿಂತಿತು, ಕಂಟ್ರೋಲ್ ನಿಲ್ಲಲಿಲ್ಲ. ಗಾಂಧೀಜಿಯವರ ಒತ್ತಾಯದ ಬಳಿಕ 1947ರ ಡಿಸೆಂಬರ್‌ನಲ್ಲಿ ಆಹಾರಧಾನ್ಯದ ಮೇಲಿನ, 1948ರ ಜನವರಿಯಲ್ಲಿ ಬಟ್ಟೆಯ ಮೇಲಿನ ನಿಯಂತ್ರಣ ಸಡಿಲಾಯಿತು. ಬೆಲೆಗಳು ಏರಿದವು, ಅದೇ ವರ್ಷ ಎರಡೂ ಮರಳಿ ಬಂದವು. ಸಂಸ್ಥಾನ ವಿಲೀನವಾದದ್ದು ಸರಿಯಾಗಿ ಈ ಎರಡು ಏರಿಳಿತಗಳ ನಡುವೆ ಎಂಬುದನ್ನು ಇತಿಹಾಸಕಾರರು ಗಮನಿಸಿದಂತಿಲ್ಲ. ಹೊಸ ಸರಕಾರದ ಮೊದಲ ವರ್ಷವೇ ನೇಕಾರನಿಗೆ ಕಂಟ್ರೋಲ್ ಮರಳಿದ ವರ್ಷ. ಜಗತ್ತಿನ ಬೇರೆ ರಾಜಧಾನಿಗಳಲ್ಲೂ ಹೀಗೇ ಆಯಿತು. 1944ರ ಆಗಸ್ಟ್‌ನಲ್ಲಿ ಜರ್ಮನ್ನರ ಹಿಡಿತದಿಂದ ಬಿಡುಗಡೆಯಾದ ಪ್ಯಾರಿಸ್‌ನಲ್ಲಿ 1947ರ ಬ್ರೆಡ್ ರೇಷನ್ ದಿನಕ್ಕೆ 200 ಗ್ರಾಮಿಗೆ ಇಳಿಯಿತು, ಅದು ಆಕ್ರಮಣದ ಕಾಲಕ್ಕಿಂತಲೂ ಕಡಿಮೆ. ಬಾವುಟ ಒಂದೇ ದಿನದಲ್ಲಿ ಬದಲಾಗುತ್ತದೆ, ಉಗ್ರಾಣ ಹಾಗೆ ತುಂಬುವುದಿಲ್ಲ.

ರಾಜಕೀಯದ ಕಡೆ ಬಂದರೆ, ಜಮಖಂಡಿಯ ಈ ಸಂಧಿಕಾಲವನ್ನು ಒಬ್ಬರ ಜೀವನದಲ್ಲೇ ಓದಬಹುದು. 1912ರಲ್ಲಿ ಜಮಖಂಡಿ ಸಂಸ್ಥಾನದ ಸಾವಳಗಿಯಲ್ಲಿ ಹುಟ್ಟಿದ ಬಿ. ಡಿ. ಜತ್ತಿ ಕೊಲ್ಲಾಪುರದಲ್ಲಿ ಕಾನೂನು ಓದಿ ಜಮಖಂಡಿಯಲ್ಲಿ ವಕೀಲಿ ಹೂಡಿದರು. 1940ರಲ್ಲಿ ಪುರಸಭೆಯ ಸದಸ್ಯ, ಯುದ್ಧ ಮುಗಿದ 1945ರಲ್ಲಿ ಅದರ ಅಧ್ಯಕ್ಷ. ಆಮೇಲೆ ಸಂಸ್ಥಾನದ ಶಾಸನಸಭೆ, ಮಂತ್ರಿಗಿರಿ, 1948ರಲ್ಲಿ ದಿವಾನಗಿರಿ. ಲಿಂಗಾಯತ ಮನೆಯ ಮಗ ಪಟವರ್ಧನರ ದಿವಾನನಾದನೆಂದರೆ, ಆಳ್ವಿಕೆ ಮುಗಿಯುವ ಮೊದಲೇ ಅದರ ಒಳಗಿನ ಅಧಿಕಾರ ಕೈಬದಲಾಗಿತ್ತು ಎಂದರ್ಥ. ಕೊನೆಯ ಅರಸ ಶಂಕರರಾವ್ ಪಟವರ್ಧನರಿಗೂ ಇದರ ಶ್ರೇಯಸ್ಸು ಸಲ್ಲಬೇಕು. ಮುಧೋಳದಲ್ಲಿ ಇಂಥ ಪಲ್ಲಟ ಕಾಣುವುದಿಲ್ಲ. ಅಲ್ಲಿನ ಕೊನೆಯ ಅರಸ ಭೈರವಸಿಂಹರಾವ್ ಬಾಲಕನಾಗಿ ಪಟ್ಟಕ್ಕೆ ಬಂದವರು, ಯುದ್ಧಕಾಲವೆಲ್ಲ ತಾಯಿಯ ರೀಜೆನ್ಸಿಯಲ್ಲೇ ಕಳೆಯಿತು.

ಸಾಂಗಲಿ, ಔಂಧ, ರಾಮದುರ್ಗ ಸೇರಿ ಎಂಟು ಸಂಸ್ಥಾನಗಳು ಕೂಡಿ ಸಂಯುಕ್ತ ದಕ್ಷಿಣ ಸಂಸ್ಥಾನ ಕಟ್ಟುವ ಯತ್ನ 1947ರಲ್ಲಿ ನಡೆದಿತ್ತು. ಗಾಂಧಿ ಹತ್ಯೆಯ ಬಳಿಕ ಕೊಲ್ಲಾಪುರ, ಸಾಂಗಲಿ, ಸಾತಾರಾ ಕಡೆಯ ಗಲಭೆಗಳು ಅಂಥ ಆಸೆಯನ್ನು ಕೊನೆಗಾಣಿಸಿದವು. ಅರಸರು ವಿಲೀನಕ್ಕೆ ಸಹಿ ಹಾಕಿದರು. ಸಂಸ್ಥಾನದ ಆದಾಯದ ಮೊದಲ ಲಕ್ಷಕ್ಕೆ ಶೇ. 15, ಮುಂದಿನ ನಾಲ್ಕು ಲಕ್ಷಕ್ಕೆ ಶೇ. 10, ಅದರಾಚೆಗೆ ಶೇ. 7.5 ಎಂಬ ಸೂತ್ರದ ಮೇಲೆ ರಾಜಧನ ಗೊತ್ತಾಯಿತು. ಆ ರಾಜಧನವೂ 1971ರಲ್ಲಿ ನಿಂತಿತು.

ರಾಜಧಾನಿಯಲ್ಲಿ ನಿಜವಾಗಿ ಕಷ್ಟಕ್ಕೆ ಬಿದ್ದವರು ಅರಸರಲ್ಲ. ದಫ್ತರಿನ ಕಾರಕೂನ, ಮೋಡಿ ಲಿಪಿ ಬಲ್ಲ ಬರಹಗಾರ, ಅರಮನೆಯ ಊಳಿಗದವರು, ಅವರನ್ನು ನಂಬಿಕೊಂಡಿದ್ದ ಅಂಗಡಿಗಳು. ಸಂಸ್ಥಾನದ ದಫ್ತರು ಮರಾಠಿಯದು, ಊರಿನ ಮಾತು ಕನ್ನಡ. ವಿಜಾಪುರ ಜಿಲ್ಲೆಗೆ ಸೇರಿದ ಮೇಲೆ ಕಚೇರಿಯಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿತು. ಅದು ಗಟ್ಟಿಯಾದದ್ದು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದಾಗ. ಹಳ್ಳಿಗಳಿಗೆ ಬಂದ ಬದಲಾವಣೆ ಇನ್ನೂ ಆಳದ್ದು. 1948ರ ಮುಂಬಯಿ ಗೇಣಿ ಕಾಯ್ದೆ, 1950ರ ಕುಲಕರ್ಣಿ ವತನ ರದ್ದತಿ, ವಿಲೀನ ಪ್ರದೇಶಗಳ ಜಹಗೀರು ರದ್ದತಿಯ 1953ರ ಕಾಯ್ದೆ ಇವು ಅರಮನೆಯ ಕೆಳಗಿದ್ದ ಚಿಕ್ಕ ಚಿಕ್ಕ ಒಡೆತನಗಳನ್ನು ಕಿತ್ತವು. ನನ್ನ ಮಟ್ಟಿಗೆ ಮಾರ್ಚ್ 8ರ ಹಸ್ತಾಂತರಕ್ಕಿಂತ ಈ ಕಾಯ್ದೆಗಳೇ ಸಂಸ್ಥಾನವನ್ನು ಕೊನೆಗಾಣಿಸಿದವು.

ಜತ್ತಿಯವರು ವಿಲೀನವಾದೊಡನೆ ವಕೀಲಿಗೆ ಮರಳಿ ಸುಮಾರು 20 ತಿಂಗಳು ಅದರಲ್ಲೇ ಇದ್ದರು. ನಂತರ ವಿಲೀನ ಪ್ರದೇಶದ ಪ್ರತಿನಿಧಿಯಾಗಿ ಮುಂಬಯಿ ವಿಧಾನಸಭೆಗೆ ನಾಮನಿರ್ದೇಶನಗೊಂಡು ಮುಂಬಯಿಯ ಮುಖ್ಯಮಂತ್ರಿ ಬಿ. ಜಿ. ಖೇರರ ಸಂಸದೀಯ ಕಾರ್ಯದರ್ಶಿಯಾದರು. 1958ರಲ್ಲಿ ಮೈಸೂರಿನ ಮುಖ್ಯಮಂತ್ರಿ, 1974ರಲ್ಲಿ ಉಪರಾಷ್ಟ್ರಪತಿ. ಊರು ರಾಜಧಾನಿಯಾಗಿ ಉಳಿಯಲಿಲ್ಲ, ಊರಿನವರಿಗೆ ದೊಡ್ಡ ರಾಜಧಾನಿಗಳ ಬಾಗಿಲು ತೆರೆಯಿತು.

ರಬಕವಿ, ಬನಹಟ್ಟಿಗಳ ನಡುವಿನ ಗಡಿ ಅಳಿದು ಎರಡೂ ಒಂದೇ ನಗರಸಭೆಯ ಕೆಳಗೆ ಬಂದವು, ಈಗ ಒಂದೇ ತಾಲೂಕು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾದಾಗ ಜಮಖಂಡಿ ಉಪವಿಭಾಗದ ಕೇಂದ್ರವಾಗಿ ಉಳಿಯಿತು, ಜಿಲ್ಲೆಯ ಬೇಡಿಕೆ ಅಲ್ಲಿ ಇನ್ನೂ ಜೀವಂತವಾಗಿದೆ. ಅರಮನೆಗಳ ಚಿತ್ರ, ವಂಶಾವಳಿ ಬೇಕಾದಷ್ಟಿವೆ. ನೇಕಾರ ಮನೆಗಳ ಹಳೆಯ ನೂಲಿನ ಖಾತೆ, ರೇಷನ್ ಕಾರ್ಡು, ಸಾಹುಕಾರರ ರೋಜು ಕೀರ್ದಿ, ವಾಡೆಗಳ ಅಟ್ಟದಲ್ಲಿರುವ ಮೋಡಿ ಕಾಗದ ಇವನ್ನು ಕಾಪಾಡಿದವರು ಕಡಿಮೆ. ಮೋಡಿ ಓದಬಲ್ಲ ಹಿರಿಯರು ಇರುವಾಗಲೇ ಈ ಊರುಗಳ ಕಾಲೇಜುಗಳ ಇತಿಹಾಸ ವಿಭಾಗಗಳು ಮನೆ ಮನೆಗೆ ಹೋಗಿ ಇವುಗಳ ಪ್ರತಿ ತೆಗೆದಿಡಬೇಕು. ಅಂಥ ಕಟ್ಟು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ.