ಹುಲಿಕುಂಟೆಯ ಏಡಿ, ಕಲ್ಯಾಣದ ರಾಜ, ಮಂಗಳೂರಿನ ಕಲೆಕ್ಟರ್

ಮೊನ್ನೆ ರಾತ್ರಿ ಒಂದು ರೀಲ್ಸ್ ನೋಡ್ತಿದ್ದೆ. ಯಾವುದೋ ದೇಶದ ಕಡಲಂಚು. ಹವ್ಯಾಸಕ್ಕೆ ಗಾಳ ಹಾಕೋನೊಬ್ಬ ಬಂಡೆ ಸಂದಿಯಿಂದ ಆಕ್ಟೋಪಸ್ ಎಳೀತಾನೆ, ಕಲ್ಲಿಗೆ ಬಡಿದು ಮೆದು ಮಾಡ್ತಾನೆ, ಅಲ್ಲೇ ಬೇಯಿಸಿ ತಿಂತಾನೆ. ನನ್ನ ಕಣ್ಣು ಹೋಗಿದ್ದು ಮಾತ್ರ ಅವನ ದಾರದ ತುದಿಗೆ. ಆಮಿಷ ಅಂತ ಕಟ್ಟಿದ್ದು ಏಡಿ! ಆಕ್ಟೋಪಸ್‌ಗೆ ಏಡಿ ಅಂದ್ರೆ ಪಂಚಪ್ರಾಣ. ಅಲ್ಲಿ ಆಮಿಷ ಆಗಿರೋದು ನಮ್ಮ ಕಡೆ ಊಟ.

ನಮ್ಮ ಕಡೆ ಅಂದ್ರೆ ಶಿರಾ ತಾಲ್ಲೂಕಿನ ಹುಲಿಕುಂಟೆ. ಸಮುದ್ರ ಎಲ್ಲೋ, ನಾವೆಲ್ಲೋ. ಆದ್ರೆ ಊರಿನ ಹೆಸರಲ್ಲೇ ನೀರಿದೆ ನೋಡಿ. ಕುಂಟೆ ಅಂದ್ರೆ ಕೆರೆಗಿಂತ ಚಿಕ್ಕದು, ಮಳೆನೀರು ನಿಲ್ಲೋ ಹೊಂಡ. ಮಧುಗಿರಿ, ಕೊರಟಗೆರೆ, ಪಾವಗಡದ ಊರುಗಳ ಹೆಸರು ಓದ್ತಾ ಹೋಗಿ, ಕೆರೆ, ಕುಂಟೆ, ಕಟ್ಟೆ ಸಿಗ್ತಾನೇ ಇರ್ತವೆ. ಮಳೆ ಕಮ್ಮಿ ಇರೋ ಸೀಮೆ ಇದು. ನೀರು ನಿಂತ ಜಾಗಕ್ಕೇ ಜನ ಹೆಸರಿಟ್ರು.

ಈಗ ಇತಿಹಾಸಕ್ಕೆ ಬರೋಣ. ಗಾಳ ಹಾಕೋದನ್ನ ವಿನೋದ ಅಂತ ಬರೆದಿಟ್ಟವರಲ್ಲಿ ಬಹಳ ಹಳಬ ನಮ್ಮ ರಾಜ್ಯದವನೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ. ಕಲ್ಯಾಣ ಅಂದ್ರೆ ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. 1129ರ ಸುಮಾರಿಗೆ ಅವನು ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದ. 100 ಅಧ್ಯಾಯ. ಆಡಳಿತ, ಆನೆ, ಒಡವೆ, ಸಂಗೀತ, ಅಡುಗೆ, ಎಲ್ಲಾ ಇದೆ. ಅದ್ರಲ್ಲಿ ಮೀನು ಹಿಡಿಯೋ ಆಟಕ್ಕೇ ಒಂದು ಭಾಗ, ಮತ್ಸ್ಯವಿನೋದ. ಸುಮಾರು 35 ಜಾತಿ ಮೀನಿನ ಹೆಸರು, ಯಾವುದು ಏನು ತಿನ್ನುತ್ತೆ, ಯಾವುದಕ್ಕೆ ಯಾವ ಉಂಡೆ ಹಾಕಿ ಪಳಗಿಸಬೇಕು ಅನ್ನೋ ಲೆಕ್ಕ. ಅಡುಗೆಯೂ ಇದೆ. ಮೀನಿನ ತುಂಡನ್ನ ಹುಣಸೆ ರಸದಲ್ಲಿ ಬೇಯಿಸಿ, ಗೋಧಿ ಹಿಟ್ಟು ಉದುರಿಸಿ, ಎಣ್ಣೇಲಿ ಕರಿಯೋದು. ಹೊಲದ ಇಲಿ ಕರಿಯೋದೂ ಇದೆ, ಮುಖ ಕಿವುಚಬೇಡಿ. ರಾಜನ ಪುಸ್ತಕದಲ್ಲಿ ಬಂದದ್ದು ಅದು.

ಆಮೇಲೆ ಏಳು ಶತಮಾನ ದಾಟಿ ಮಂಗಳೂರಿಗೆ ಬನ್ನಿ. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲ್ಲಿವನ್ ಥಾಮಸ್‌ಗೆ ಗಾಳದ ಹುಚ್ಚು. 1873ರಲ್ಲಿ ಮಂಗಳೂರಲ್ಲೇ ‘ದಿ ರಾಡ್ ಇನ್ ಇಂಡಿಯಾ’ ಅಚ್ಚಾಯ್ತು. 1887ರಲ್ಲಿ ‘ಟ್ಯಾಂಕ್ ಆ್ಯಂಗ್ಲಿಂಗ್ ಇನ್ ಇಂಡಿಯಾ’ ಅಂತ ಇನ್ನೊಂದು. ಅಂದ್ರೆ ಕೆರೆಯಲ್ಲಿ ಗಾಳ ಹಾಕೋದಕ್ಕೇ ಒಂದು ಇಡೀ ಪುಸ್ತಕ!

ಒಬ್ಬ ರಾಜ, ಒಬ್ಬ ಕಲೆಕ್ಟರ್. ಕುಂಟೆ ಪಕ್ಕ ಕೂತು ಏಡಿ ಹಿಡಿದ ದನ ಕಾಯೋ ಹುಡುಗರದ್ದು ಯಾರೂ ಬರೀಲಿಲ್ಲ. ಅವರದೂ ವಿನೋದವೇ. ಅದಕ್ಕೂ ಶಾಸ್ತ್ರ ಇದೆ, ಬಾಯಿಂದ ಬಾಯಿಗೆ ಬಂದದ್ದು.

ಮೊದಲು ಬಿಲ ನೋಡ್ಬೇಕು. ಬಾಯಲ್ಲಿ ಹಸಿ ಮಣ್ಣಿನ ಉಂಡೆ ಬಿದ್ದಿದ್ರೆ ಒಳಗೆ ಆಸಾಮಿ ಇದ್ದಾನೆ. ಮಣ್ಣು ಒಣಗಿದ್ರೆ ಕೈ ಹಾಕ್ಬೇಡಿ, ಹಾವು ಸೇರ್ಕೊಂಡಿರಬಹುದು. ದಾರದ ತುದಿಗೆ ಎರೆಹುಳುವೋ ಕೋಳಿ ಕರುಳೋ ಕಟ್ಟಿ ಬಿಡಿ. ಕೊಕ್ಕೆ ಬೇಕಿಲ್ಲ. ಏಡಿ ಕಚ್ಚಿದ್ದನ್ನ ಬಿಡಲ್ಲ, ನಿಧಾನ ಎಳೆದ್ರೆ ಜೊತೇಲೇ ಬರುತ್ತೆ. ಹಿಂದಿನಿಂದ ಚಿಪ್ಪಿನ ಎರಡೂ ಅಂಚು ಹಿಡೀಬೇಕು, ಕೊಂಡಿ ಅಲ್ಲಿಗೆ ಎಟುಕಲ್ಲ. ನಾನು ಒಮ್ಮೆ ಮುಂದಿನಿಂದ ಹಿಡಿದೆ. ಹೆಬ್ಬೆರಳಿನ ಉಗುರು ವಾರಗಟ್ಟಲೆ ಕಪ್ಪಗಿತ್ತು.

ಹಿಡಿದ ಮೇಲೆ ತಿರುಗಿಸಿ ಹೊಟ್ಟೆ ನೋಡಿ. ಮಡಚಿದ ಪಟ್ಟಿ ಸಣ್ಣಗಿದ್ರೆ ಗಂಡು, ಅಗಲಕ್ಕಿದ್ರೆ ಹೆಣ್ಣು. ಆ ಪಟ್ಟಿ ಕೆಳಗೆ ಮೊಟ್ಟೆಯೋ ಮರಿಯೋ ಇದ್ರೆ ವಾಪಸ್ ಬಿಡಿ. ಕಡಲ ಏಡಿ ಮರಿಗಳು ನೀರಲ್ಲಿ ತೇಲಾಡಿ ಬೆಳೀತವೆ. ನಮ್ಮ ಸಿಹಿನೀರಿನ ಏಡಿ ಹಾಗಲ್ಲ, ಮೊಟ್ಟೆಯಿಂದ ಪುಟ್ಟ ಏಡಿಗಳೇ ಬರ್ತವೆ, ತಾಯಿ ಹೊಟ್ಟೆಗೇ ಅಂಟ್ಕೊಂಡಿರ್ತವೆ. ಸಮುದ್ರದ ಹಂಗೇ ಇಲ್ಲ. ಬೇಸಿಗೇಲಿ ಕುಂಟೆ ಬತ್ತಿದ್ರೆ ಬಿಲ ಆಳಕ್ಕೆ ತೋಡಿ ತೇವ ಹುಡುಕ್ಕೊಂಡು ಕೂರುತ್ತೆ.

ಆದ್ರೆ ಆ ತೇವವೂ ಎಷ್ಟು ಆಳಕ್ಕೆ ಇಳಿದ್ರೆ ಸಿಕ್ಕೀತು? ಕೊಳವೆಬಾವಿ ನೂರಾರು ಅಡಿ ಹೋಗುತ್ತೆ, ಏಡಿ ಹೋಗೋಕಾಗಲ್ಲ. 2020ರ ಶಿರಾ ಉಪಚುನಾವಣೆ ನೆನಪಿದೆಯಾ? ಮದಲೂರು ಕೆರೆಗೆ ನೀರು ತುಂಬಿಸ್ತೀವಿ ಅನ್ನೋದೇ ಅಲ್ಲಿ ದೊಡ್ಡ ಭರವಸೆ. ಕೆರೆ ತುಂಬಿದ್ರೆ ಇಲಾಖೆಯೋರು, ಗುತ್ತಿಗೆ ಹಿಡಿದೋರು ಕಾಟ್ಲಾ, ರೋಹು ಮರಿ ಬಿಡ್ತಾರೆ. ಏಡಿ ಮರಿ ಯಾರೂ ತಂದು ಬಿಡಲ್ಲ. ಹಳೇ ಬಿಲದಲ್ಲಿ ಒಂದು ತಾಯಿ ಉಳಿದಿದ್ರೆ ಉಂಟು, ಇಲ್ಲಾಂದ್ರೆ ಇಲ್ಲ. ಹೊಟ್ಟೆ ತಿರುಗಿಸಿ ನೋಡಿ ಅಂದಿದ್ದು ಅದಕ್ಕೇ.

ಸರಿ, ಅಡುಗೆ. ಮೇಲಿನ ಚಿಪ್ಪು ಕಿತ್ತು, ಪಕ್ಕದ ಮೆತ್ತನೆ ಕಿವಿರು ತೆಗೆದು, ಕೆಸರು ಹೋಗೋ ತನಕ ತೊಳೀರಿ. ಸಣ್ಣ ಕಾಲುಗಳನ್ನ ಎಸೀಬೇಡಿ, ರುಚಿ ಇರೋದೇ ಅಲ್ಲಿ. ಒರಳಲ್ಲಿ ಕುಟ್ಟಿ, ನೀರು ಹಾಕಿ, ಬಟ್ಟೇಲಿ ಸೋಸಿ. ಆ ರಸಕ್ಕೆ ಹುರಿದ ಧನಿಯ, ಒಣಮೆಣಸು, ಬೆಳ್ಳುಳ್ಳಿ, ಕಾಯಿ ರುಬ್ಬಿ ಹಾಕಿ, ಹುಣಸೆ ಹಿಂಡಿ. ಹುಣಸೆಗೆ ಸೋಮೇಶ್ವರನ ಒಪ್ಪಿಗೆ ಆಗ್ಲೇ ಇದೆ. ಒಂದೇ ಒಂದು ಎಚ್ಚರಿಕೆ: ಚೆನ್ನಾಗಿ ಕುದಿಸಿ. ಸಿಹಿನೀರಿನ ಏಡಿಯಲ್ಲಿ ಶ್ವಾಸಕೋಶಕ್ಕೆ ಸೇರೋ ಹುಳು ಇರಬಹುದು, ಅದರ ಕೆಮ್ಮನ್ನ ಕ್ಷಯ ಅಂತ ತಪ್ಪು ತಿಳ್ಕೊಂಡಿರೋದೂ ಉಂಟು. ಶೀತಕ್ಕೆ ಒಳ್ಳೇದು ಅಂತ ಅರೆಬೆಂದ ರಸ ಕುಡಿಯೋ ಸಾಹಸ ಬೇಡ.

ಬಿಸಿ ರಾಗಿಮುದ್ದೆ ಜೊತೆ ತಿನ್ನಿ. ಫೋನ್ ಪಕ್ಕಕ್ಕಿಟ್ಟು ಕೂತ್ಕೊಳ್ಳಿ, ಕೊಂಡಿ ಒಡೆಯೋಕೆ ಎರಡೂ ಕೈ ಬೇಕು.